ಲಂಡನ್ ಮ್ಯಾರಥಾನ್: ನಿಮ್ಮವರು ಓಡುವಾಗ ಎಲ್ಲಿ ನಿಲ್ಲಬೇಕು, ಹೇಗೆ ಹುರಿದುಂಬಿಸಬೇಕು

ಏಪ್ರಿಲ್ ಕೊನೆಯ ಭಾನುವಾರಗಳಲ್ಲಿ ಒಂದು ದಿನ ಲಂಡನ್ನಿನ ಅರ್ಧ ಊರು ರಸ್ತೆ ಬದಿಗೆ ಬಂದು ನಿಲ್ಲುತ್ತದೆ. 1981ರಲ್ಲಿ ಶುರುವಾದ ಈ ಮ್ಯಾರಥಾನನ್ನು 2025ರಲ್ಲಿ 56,000ಕ್ಕೂ ಹೆಚ್ಚು ಜನ ಓಡಿ ಮುಗಿಸಿದರು. ಅಷ್ಟು ಜನರ ನಡುವೆ ನಿಮ್ಮ ಮಗಳನ್ನೋ ಗಂಡನನ್ನೋ ಗೆಳೆಯನನ್ನೋ ಕಣ್ಣಾರೆ ಕಂಡು, ಅವರಿಗೂ ನೀವು ಕಾಣಿಸಬೇಕೆಂದರೆ ಹಿಂದಿನ ವಾರವೇ ಕೂತು ಲೆಕ್ಕ ಹಾಕಬೇಕು. ಬೆಳಿಗ್ಗೆ ಎದ್ದು ಟವರ್ ಬ್ರಿಡ್ಜ್‌ಗೆ ಹೋಗಿ ನಿಂತರಾಯಿತು ಎಂದುಕೊಂಡವರು ಸಾಮಾನ್ಯವಾಗಿ ಯಾರನ್ನೂ ಕಾಣದೆ ಮನೆಗೆ ಬರುತ್ತಾರೆ.

ಜಾಗ ಆರಿಸುವಾಗ ಫೋಟೊ ಎಲ್ಲಿ ಚೆನ್ನಾಗಿ ಬರುತ್ತದೆ ಎಂದು ನೋಡಬೇಡಿ, ಓಡುವವರಿಗೆ ನೀವು ಎಲ್ಲಿ ಬೇಕು ಎಂದು ನೋಡಿ. ಮೊದಲ 10 ಕಿ.ಮೀ.ಯಲ್ಲಿ ಎಲ್ಲರೂ ಹುರುಪಿನಲ್ಲಿರುತ್ತಾರೆ, ನೀವಿಲ್ಲದಿದ್ದರೂ ನಡೆಯುತ್ತದೆ. 30ರಿಂದ 36ನೇ ಕಿ.ಮೀ. ನಡುವೆ, ಅಂದರೆ ಸುಮಾರು 19ರಿಂದ 22ನೇ ಮೈಲಿಯಲ್ಲಿ, ದೇಹ ಶಕ್ತಿಗೆಂದು ಕೂಡಿಟ್ಟ ಗ್ಲೈಕೋಜನ್ ಬರಿದಾಗುತ್ತ ಬಂದು, ಕಾಲು ಕಲ್ಲಾಗಿ, ತಲೆಯೂ ಓಡದಂತಾಗುತ್ತದೆ. ಪರಿಚಿತ ಮುಖ ಬೇಕಾಗುವುದು ಆಗ. ಐದು ಕಡೆ ಓಡಾಡಿ ಮೂರು ಕಡೆ ತಪ್ಪಿಸಿಕೊಳ್ಳುವ ಬದಲು ಎರಡೇ ಜಾಗ ಆರಿಸಿ, ಅದರಲ್ಲಿ ಒಂದು ಈ ಘಟ್ಟದಲ್ಲಿರಲಿ.

ಮೊದಲು ಗಡಿಯಾರದ ಲೆಕ್ಕ

ಓಡುವವರಿಂದ ಮೂರು ವಿವರ ಬರೆಸಿಕೊಳ್ಳಿ: ಬಿಬ್ (ಎದೆಯ ಮೇಲಿನ ಚೀಟಿ) ನಂಬರ್, ಯಾವ ಬಣ್ಣದ ಸ್ಟಾರ್ಟ್‌ನಿಂದ ಯಾವ ವೇವ್‌ನಲ್ಲಿ (ತಂಡದಲ್ಲಿ) ಎಷ್ಟು ಗಂಟೆಗೆ ಹೊರಡುತ್ತಾರೆ, ಎಷ್ಟು ಹೊತ್ತಿನಲ್ಲಿ ಮುಗಿಸುವ ಅಂದಾಜಿದೆ. ಮೂರರಲ್ಲಿ ಎರಡನೆಯದನ್ನೇ ಜನ ಮರೆಯುವುದು. ಸಾಮಾನ್ಯ ಓಟಗಾರರನ್ನು ಒಂದೇ ಸಲ ಬಿಡುವುದಿಲ್ಲ. ಬೆಳಿಗ್ಗೆ ಒಂಬತ್ತೂವರೆ ಸುಮಾರಿನಿಂದ ಹನ್ನೊಂದೂವರೆ ಆಸುಪಾಸಿನವರೆಗೆ ತಂಡ ತಂಡವಾಗಿ ಬಿಡುತ್ತಾರೆ. ಟಿವಿಯಲ್ಲಿ ಕಂಡ ಸ್ಟಾರ್ಟ್ ಸಮಯದಿಂದ ಲೆಕ್ಕ ಹಾಕಿದರೆ ಎರಡು ಗಂಟೆಯಷ್ಟು ಎಡವಟ್ಟಾಗಬಹುದು.

ದಾರಿಯುದ್ದಕ್ಕೂ ದೊಡ್ಡ ಫಲಕಗಳು ಇರುವುದು ಮೈಲಿಯಲ್ಲಿ. ಒಟ್ಟು 26.2 ಮೈಲಿ, ಅಂದರೆ 42.195 ಕಿ.ಮೀ. ಹಾಗಾಗಿ ವೇಗವನ್ನೂ ಮೈಲಿಯಲ್ಲೇ ಹಿಡಿದುಕೊಳ್ಳಿ:

- 4 ಗಂಟೆಯಲ್ಲಿ ಮುಗಿಸುವವರಿಗೆ ಮೈಲಿಗೆ 9 ನಿಮಿಷ 9 ಸೆಕೆಂಡ್
- ನಾಲ್ಕೂವರೆ ಗಂಟೆಯವರಿಗೆ 10 ನಿಮಿಷ 18 ಸೆಕೆಂಡ್
- 5 ಗಂಟೆಯವರಿಗೆ 11 ನಿಮಿಷ 27 ಸೆಕೆಂಡ್
- 6 ಗಂಟೆಯವರಿಗೆ 13 ನಿಮಿಷ 44 ಸೆಕೆಂಡ್

ನಿಮ್ಮ ಜಾಗ ಎಷ್ಟನೇ ಮೈಲಿಯೋ ಅದರಿಂದ ಗುಣಿಸಿ, ಅವರು ಹೊರಟ ಸಮಯಕ್ಕೆ ಕೂಡಿಸಿ. 16ನೇ ಮೈಲಿ ದಾಟಿದ ಮೇಲಿನ ಜಾಗಗಳಿಗೆ ಐದರಿಂದ ಇಪ್ಪತ್ತು ನಿಮಿಷ ಹೆಚ್ಚೇ ಇಟ್ಟುಕೊಳ್ಳಿ, ಏಕೆಂದರೆ ಮೊದಲ ಮ್ಯಾರಥಾನ್ ಓಡುವವರಲ್ಲಿ ಬಹುಪಾಲು ಜನ ದ್ವಿತೀಯಾರ್ಧದಲ್ಲಿ ನಿಧಾನವಾಗುತ್ತಾರೆ. ಆದರೂ ಲೆಕ್ಕಕ್ಕಿಂತ 15 ನಿಮಿಷ ಮೊದಲೇ ಜಾಗದಲ್ಲಿರಿ. ಬೇಗ ಬಂದವರನ್ನು ತಪ್ಪಿಸಿಕೊಂಡರೆ ಮತ್ತೆ ಸಿಗುವುದಿಲ್ಲ.

ಅಗ್ರ ಓಟಗಾರರನ್ನು ನೋಡುವ ಆಸೆಯಿದ್ದರೆ ಅದು ಬೇರೆಯೇ ಲೆಕ್ಕ. 2023ರಲ್ಲಿ ಕೆನ್ಯಾದ ಕೆಲ್ವಿನ್ ಕಿಪ್ಟಮ್ ಇಲ್ಲಿ 2 ಗಂಟೆ 1 ನಿಮಿಷ 25 ಸೆಕೆಂಡಿನಲ್ಲಿ ಮುಗಿಸಿದರು. ಕಿ.ಮೀ.ಗೆ ಮೂರು ನಿಮಿಷವೂ ಹಿಡಿಯದ ವೇಗ ಅದು. ಅಂಥವರು ನಿಮ್ಮೆದುರು ಇರುವುದು ನಾಲ್ಕೈದು ಸೆಕೆಂಡು. ನೋಡಲೇಬೇಕಾದದ್ದು, ಆದರೆ ಆ ಗುಂಪು ಹೋದ ಮೇಲೆ ಜನ ಸ್ವಲ್ಪ ಕರಗುತ್ತಾರೆ. ಮುಂದಿನ ಸಾಲಿಗೆ ಸರಿಯಲು ಅದೇ ಸಮಯ.

ದಾರಿ ಹೇಗೆ ಹೋಗುತ್ತದೆ

ಆಗ್ನೇಯ ಲಂಡನ್ನಿನ ಬ್ಲ್ಯಾಕ್‌ಹೀತ್ ಮತ್ತು ಗ್ರೆನಿಚ್ ಪಾರ್ಕ್ ಸುತ್ತಮುತ್ತ ಆರಂಭ. ಬೇರೆ ಬೇರೆ ಬಣ್ಣದ ಸ್ಟಾರ್ಟ್‌ಗಳಿಂದ ಹೊರಟವರೆಲ್ಲ ವುಲಿಚ್ ಕಡೆ, ಸುಮಾರು 3ನೇ ಮೈಲಿ ಹೊತ್ತಿಗೆ ಒಂದಾಗುತ್ತಾರೆ. ಅಲ್ಲಿಂದ ಪಶ್ಚಿಮಕ್ಕೆ ತಿರುಗಿ ಗ್ರೆನಿಚ್‌ನ ಕಟಿ ಸಾರ್ಕ್ ಹಡಗನ್ನು ಸುತ್ತಿ, ಡೆಟ್‌ಫರ್ಡ್, ಸರ್ರೆ ಕೀಸ್, ರೋದರ್‌ಹೈತ್, ಬರ್ಮಂಡ್ಸಿ ಹಾದು ಹನ್ನೆರಡೂವರೆ ಮೈಲಿಗೆ ಟವರ್ ಬ್ರಿಡ್ಜ್ ದಾಟುತ್ತಾರೆ. ಸೇತುವೆ ಇಳಿದು ಬಲಕ್ಕೆ, ಅಂದರೆ ಊರಿನ ಕಡೆಗಲ್ಲ, ಪೂರ್ವಕ್ಕೆ ಹೋಗಬೇಕು. ಐಲ್ ಆಫ್ ಡಾಗ್ಸ್ ಸುತ್ತಿ, ಕನೇರಿ ವಾರ್ಫ್‌ನ ಎತ್ತರದ ಕಟ್ಟಡಗಳ ನಡುವೆ ಹಾದು, ಪಾಪ್ಲರ್ ಮೂಲಕ ಮತ್ತೆ ಅದೇ ಟವರ್ ಬಳಿ ವಾಪಸ್. ಆಮೇಲೆ ಥೇಮ್ಸ್ ದಂಡೆಯ ಎಂಬ್ಯಾಂಕ್‌ಮೆಂಟ್, ಬಿಗ್ ಬೆನ್, ಬರ್ಡ್‌ಕೇಜ್ ವಾಕ್, ಬಕಿಂಗ್‌ಹ್ಯಾಮ್ ಅರಮನೆ, ಕೊನೆಗೆ ದ ಮಾಲ್ ರಸ್ತೆಯಲ್ಲಿ ಮುಕ್ತಾಯ.

ನೋಡುವವರಿಗೆ ಈ ದಾರಿ ದಯಾಳು. ನದಿಯಂತೆ ಬಳುಕಿ ಹೋಗುವುದರಿಂದ, ಓಟಗಾರರು ಹತ್ತು ಮೈಲಿ ಸುತ್ತಿ ಬರುವ ಕಡೆಗೆ ನೀವು ರೈಲಿನಲ್ಲಿ ಮೂರೇ ನಿಮಿಷಕ್ಕೆ ತಲುಪುವ ಜಾಗಗಳಿವೆ.

ಯಾವ ಜಾಗ, ಏನು ಅನುಕೂಲ, ಏನು ತೊಂದರೆ

ಕಟಿ ಸಾರ್ಕ್, ಸುಮಾರು ಆರೂವರೆ ಮೈಲಿ. ಹಬ್ಬದ ಗದ್ದಲ, ಒಳ್ಳೆಯ ಫೋಟೊ. ಆದರೆ ಇಲ್ಲಿ ಜನ ಮೂರು ನಾಲ್ಕು ಸಾಲು ದಪ್ಪ ನಿಲ್ಲುತ್ತಾರೆ, ಓಟಗಾರರೂ ಇನ್ನೂ ಒತ್ತೊತ್ತಾಗಿ ಬರುತ್ತಾರೆ. ಗುರುತಿಸುವುದು ಕಷ್ಟ. ಹತ್ತಿರದ ಡಿಎಲ್‌ಆರ್ (ಪೂರ್ವ ಲಂಡನ್ನಿನ ಲಘು ರೈಲು) ನಿಲ್ದಾಣದಲ್ಲಿ ಆ ದಿನ ನಿರ್ಬಂಧ ಇರುವುದು ಮಾಮೂಲು. ಗ್ರೆನಿಚ್ ಅಥವಾ ಮೇಜ್ ಹಿಲ್ ನಿಲ್ದಾಣದಲ್ಲಿ ಇಳಿದು ನಡೆಯುವುದು ವಾಸಿ.

ಸರ್ರೆ ಕೀಸ್ ಮತ್ತು ರೋದರ್‌ಹೈತ್. ನಮ್ಮ ಮಟ್ಟಿಗೆ ಮೊದಲಾರ್ಧದಲ್ಲಿ ಇದಕ್ಕಿಂತ ಒಳ್ಳೆಯ ಜಾಗವಿಲ್ಲ. ಇಲ್ಲಿ ಓಟದ ದಾರಿ ಒಂದು ಕುಣಿಕೆಯಂತೆ ಸುತ್ತುತ್ತದೆ: 8ನೇ ಮೈಲಿಯ ನಂತರ ಸರ್ರೆ ಕೀಸ್ ಬದಿಯಲ್ಲಿ ಕಾಣುವವರು 10ನೇ ಮೈಲಿ ಸುಮಾರಿಗೆ ರೋದರ್‌ಹೈತ್ ಬದಿಗೆ ಬರುತ್ತಾರೆ. ನಡುವೆ ಕೆನಡಾ ವಾಟರ್ ನಿಲ್ದಾಣ. ಎರಡೂ ಬದಿಗೆ ಅಲ್ಲಿಂದ ಆರಾಮವಾಗಿ ನಡೆಯಬಹುದು. ಪ್ರವಾಸಿಗರು ಇತ್ತ ಬರುವುದು ಕಡಿಮೆ, ಹೆಚ್ಚಾಗಿ ಅಲ್ಲಿನ ನಿವಾಸಿಗಳೇ ಇರುತ್ತಾರೆ. ಮಕ್ಕಳನ್ನು ಮುಂದೆ ನಿಲ್ಲಿಸಲು ಜಾಗ ಸಿಗುತ್ತದೆ.

ಟವರ್ ಬ್ರಿಡ್ಜ್ ಬಗ್ಗೆ ಒಂದೇ ಮಾತು: ಓಡುವವರಿಗೆ ಅದು ಮರೆಯಲಾಗದ ಕ್ಷಣ, ನೋಡುವವರಿಗೆ ನೂಕುನುಗ್ಗಲು. ಅಲ್ಲಿ ನಿಮ್ಮ ಕೂಗು ನಿಮ್ಮವರಿಗೆ ಕೇಳಿಸುವುದೂ ಇಲ್ಲ, ಅಷ್ಟು ಸದ್ದು. ಆ ಕಡೆಯೇ ನಿಲ್ಲಬೇಕೆಂದಿದ್ದರೆ ಸೇತುವೆ ಬಿಟ್ಟು ಒಂದು ಮೈಲಿ ಹಿಂದೆ, ಬರ್ಮಂಡ್ಸಿಯ ಜಮೈಕಾ ರೋಡ್‌ನಲ್ಲಿ ನಿಲ್ಲಿ. ಅಗಲ ರಸ್ತೆ, ದೂರದಿಂದಲೇ ಬರುವವರು ಕಾಣುತ್ತಾರೆ.

ದ ಹೈವೇ. ಟವರ್ ಬ್ರಿಡ್ಜ್‌ನ ಉತ್ತರಕ್ಕೆ, ಶಾಡ್‌ವೆಲ್ ನಿಲ್ದಾಣದಿಂದ ಸ್ವಲ್ಪ ನಡೆದರೆ ಸಿಗುವ ಅಗಲವಾದ ರಸ್ತೆ. ಹೋಗುವಾಗ 13ನೇ ಮೈಲಿ ದಾಟಿದವರು ಇದರ ಒಂದು ಬದಿಯಲ್ಲಿ, ಬರುವಾಗ 22ನೇ ಮೈಲಿ ಸುಮಾರಿನವರು ಇನ್ನೊಂದು ಬದಿಯಲ್ಲಿ ಓಡುತ್ತಾರೆ. ಒಂದೇ ಕಡೆ ನಿಂತು ಎರಡು ಸಲ ನೋಡಬಹುದು. ವಯಸ್ಸಾದ ಅಪ್ಪ ಅಮ್ಮ, ತಳ್ಳುಗಾಡಿಯ ಮಗು ಜೊತೆಗಿದ್ದರೆ ಬೇರೆಲ್ಲ ಬಿಟ್ಟು ಇಲ್ಲಿಗೇ ಬನ್ನಿ. ನಾಲ್ಕೂವರೆ ಗಂಟೆಯ ಓಟಗಾರರು ಎರಡು ಸಲ ಹಾಯುವ ನಡುವೆ ಸುಮಾರು ಒಂದೂವರೆ ಗಂಟೆ ಬಿಡುವಿರುತ್ತದೆ. ಬುತ್ತಿ ಬಿಚ್ಚಿ ಊಟ ಮುಗಿಸಬಹುದು. ಮರಳಿ ಬರುವ ಬದಿಯ ಬ್ಯಾರಿಕೇಡ್ ಹಿಡಿದು ನಿಲ್ಲಿ. ಹೋಗುವಾಗ ದೂರದಿಂದ ಕೈ ಬೀಸಿದರೆ ಸಾಕು, 22ನೇ ಮೈಲಿಯಲ್ಲಿ ಕೈಗೆ ಕೈ ತಾಗಬೇಕು.

ಐಲ್ ಆಫ್ ಡಾಗ್ಸ್, 15ರಿಂದ 18ನೇ ಮೈಲಿ. ಮಡ್‌ಶೂಟ್, ಕ್ರಾಸ್‌ಹಾರ್ಬರ್ ಸುತ್ತಮುತ್ತ ಜನ ತೆಳು, ನದಿಯ ಗಾಳಿ ಜೋರು. ಓಟಗಾರರ ಉತ್ಸಾಹ ಸದ್ದಿಲ್ಲದೆ ಇಳಿಯುವುದು ಇಲ್ಲೇ. ಪಕ್ಕದ ಕನೇರಿ ವಾರ್ಫ್‌ನಲ್ಲಿ, 18–19ನೇ ಮೈಲಿಯಲ್ಲಿ, ಮತ್ತೆ ಜನಸಂದಣಿ ಮತ್ತು ದೊಡ್ಡ ಸದ್ದು. ನೆಲದಡಿಯ ಮಾಲ್‌ನಲ್ಲಿ ಶೌಚಾಲಯ, ಕಾಫಿ, ಕೂರಲು ಜಾಗ ಎಲ್ಲ ಇರುವುದರಿಂದ ಕುಟುಂಬಕ್ಕೆ ಅನುಕೂಲ. ಇನ್ನೂ ಅರ್ಧ ಮೈಲಿ ಮುಂದೆ ಪಾಪ್ಲರ್ ಹೈ ಸ್ಟ್ರೀಟ್‌ಗೆ ನಡೆದರೆ ಜನ ಕಡಿಮೆ, ನಿಮ್ಮ ಕೂಗಿಗೆ ಬೆಲೆ ಹೆಚ್ಚು.

ಎಂಬ್ಯಾಂಕ್‌ಮೆಂಟ್, 24–25ನೇ ಮೈಲಿ. ಉದ್ದವಾದ ದಂಡೆ, ಹಾಗಾಗಿ ಜನ ಹರಡಿಕೊಳ್ಳುತ್ತಾರೆ; ಬ್ಲ್ಯಾಕ್‌ಫ್ರಯರ್ಸ್ ಮತ್ತು ಟೆಂಪಲ್ ಕಡೆ ಬಿಗ್ ಬೆನ್ ಹತ್ತಿರಕ್ಕಿಂತ ಎಷ್ಟೋ ಸಲೀಸು. ನಿಂತರೆ ಊರಿನ ಬದಿಯ ಪಾದಚಾರಿ ದಾರಿಯಲ್ಲೇ ನಿಲ್ಲಿ. ನದಿಯ ಬದಿಗೆ ಹೋದರೆ ಒಂದು ಕಡೆ ನೀರು, ಇನ್ನೊಂದು ಕಡೆ ಓಟ. ಓಟಗಾರರನ್ನು ಆಮೇಲೆ ಸೇರಿಕೊಳ್ಳುವ ಜಾಗಕ್ಕೆ ಹೋಗಲು ರಸ್ತೆ ದಾಟಲಾಗದೆ ಸಿಕ್ಕಿಹಾಕಿಕೊಳ್ಳುತ್ತೀರಿ.

ದ ಮಾಲ್ ಮುಕ್ತಾಯದ ಗೆರೆ ಹತ್ತಿರ ಇರುವುದು ಗ್ಯಾಲರಿಗಳು, ಪ್ರವೇಶಕ್ಕೆ ಮಿತಿ. ಪಾಸ್ ಇಲ್ಲದಿದ್ದರೆ ಅತ್ತ ಹೋಗುವ ಪ್ರಯತ್ನ ಬಿಡಿ.

ಎರಡು ಪಕ್ಕಾ ಯೋಜನೆ

ಜ್ಯೂಬಿಲಿ ಲೈನ್ ಯೋಜನೆ. ಲಂಡನ್ ಮೆಟ್ರೊದ ಜ್ಯೂಬಿಲಿ ಮಾರ್ಗ ಹಿಡಿದು ಮೂರು ಕಡೆ ನೋಡಬೇಕೆನ್ನುವ ಗಟ್ಟಿ ಕಾಲಿನವರಿಗೆ. 10:30ಕ್ಕೆ ಹೊರಟ, ನಾಲ್ಕೂವರೆ ಗಂಟೆಯ ಗುರಿಯ ಓಟಗಾರರನ್ನು ಇಟ್ಟುಕೊಂಡು ಹೇಳುವುದಾದರೆ:

1. 11:45ರೊಳಗೆ ಕೆನಡಾ ವಾಟರ್‌ನಲ್ಲಿ ಇಳಿದು 9ನೇ ಮೈಲಿ ಆಸುಪಾಸು ನಿಲ್ಲಿ. ಅವರು ಬರುವುದು ಸುಮಾರು 12:03ಕ್ಕೆ.
2. ಅಲ್ಲಿಂದ ಪೂರ್ವಕ್ಕೆ ಜ್ಯೂಬಿಲಿ ಲೈನ್ ಹತ್ತಿ. ಕನೇರಿ ವಾರ್ಫ್ ಮುಂದಿನ ನಿಲ್ದಾಣವೇ. ಊಟ, ಶೌಚ ಮುಗಿಸಿ ಒಂದೂಕಾಲಿಗೆಲ್ಲ 19ನೇ ಮೈಲಿ ಬಳಿ ಜಾಗ ಹಿಡಿಯಿರಿ. ಅವರು 1:46ರಿಂದ 2 ಗಂಟೆಯೊಳಗೆ ಬರಬೇಕು.
3. ಕಂಡ ಕೂಡಲೇ ಹೊರಡಿ. ಪಶ್ಚಿಮಕ್ಕೆ ಹೋಗುವ ಜ್ಯೂಬಿಲಿಯಲ್ಲಿ ವೆಸ್ಟ್‌ಮಿನ್‌ಸ್ಟರ್ ಆರನೇ ನಿಲ್ದಾಣ. ಆದರೆ ಅದರ ಹಿಂದಿನ ವಾಟರ್‌ಲೂನಲ್ಲೇ ಇಳಿಯಿರಿ. ವೆಸ್ಟ್‌ಮಿನ್‌ಸ್ಟರ್‌ನಿಂದ ಹೊರಬರಲು ಹಿಡಿಯುವ ಸಮಯಕ್ಕಿಂತ ಬೇಗ, ವಾಟರ್‌ಲೂನಿಂದ ಹಂಗರ್‌ಫರ್ಡ್ ರೈಲು ಸೇತುವೆಯ ಪಕ್ಕದ ಕಾಲ್ಸೇತುವೆ ಮೇಲೆ ನಡೆದು ಎಂಬ್ಯಾಂಕ್‌ಮೆಂಟ್ ತಲುಪಬಹುದು. ಆ ಸೇತುವೆ ಓಟದ ರಸ್ತೆಯ ಮೇಲಿಂದಲೇ ಹಾದು ಊರಿನ ಬದಿಗೆ ಇಳಿಸುತ್ತದೆ. 2:45ರಿಂದ 3:10ರವರೆಗೆ ಕಣ್ಣು ರಸ್ತೆ ಮೇಲಿರಲಿ.

ಈ ಯೋಜನೆಯ ಇನ್ನೊಂದು ಗುಣ: ವೆಸ್ಟ್‌ಮಿನ್‌ಸ್ಟರ್‌ನಿಂದ ಪೂರ್ವದ ಜ್ಯೂಬಿಲಿ ನಿಲ್ದಾಣಗಳಿಗೆಲ್ಲ ಲಿಫ್ಟ್ ಇದೆ, ಮೆಟ್ಟಿಲು ಹತ್ತಬೇಕಿಲ್ಲ. ಡಿಎಲ್‌ಆರ್ ನಿಲ್ದಾಣಗಳೂ ಹಾಗೆಯೇ, ಆದರೆ ಆ ಪುಟ್ಟ ರೈಲುಗಳು ಅಂದು ಕಾಲಿಡಲಾಗದಷ್ಟು ತುಂಬಿರುತ್ತವೆ.

ಆರಾಮ ಯೋಜನೆ. ಬೆಳಿಗ್ಗೆ ಸರ್ರೆ ಕೀಸ್‌ನಲ್ಲಿ ಒಮ್ಮೆ ನೋಡಿ, ಓವರ್‌ಗ್ರೌಂಡ್ ರೈಲಿನ ವಿಂಡ್ರಶ್ ಲೈನಿನಲ್ಲಿ ಕೆನಡಾ ವಾಟರ್, ರೋದರ್‌ಹೈತ್, ವಾಪಿಂಗ್ ದಾಟಿ ಶಾಡ್‌ವೆಲ್‌ನಲ್ಲಿ ಇಳಿದು ದ ಹೈವೇಗೆ ಹೋಗುವುದು. 22ನೇ ಮೈಲಿಯವರೆಗೆ ಅಲ್ಲೇ ಠಿಕಾಣಿ. ಭಾನುವಾರಗಳಲ್ಲಿ ಲಂಡನ್ ರೈಲು ಮಾರ್ಗಗಳಲ್ಲಿ ದುರಸ್ತಿ ಕೆಲಸ ಇಟ್ಟುಕೊಳ್ಳುತ್ತಾರೆ. ಎರಡು ದಿನ ಮೊದಲು ಟ್ರಾನ್ಸ್‌ಪೋರ್ಟ್ ಫಾರ್ ಲಂಡನ್ ಜಾಲತಾಣದಲ್ಲಿ ನೋಡಿ ಖಚಿತ ಮಾಡಿಕೊಳ್ಳಿ.

ಗ್ರೆನಿಚ್‌ನಲ್ಲೇ ನೋಡಬೇಕೆಂದು ಹಟವಿದ್ದವರಿಗೆ ಥೇಮ್ಸ್ ಅಡಿಯ ಕಾಲ್ನಡಿಗೆ ಸುರಂಗವಿದೆ. 1902ರಲ್ಲಿ ತೆರೆದದ್ದು. ಕಟಿ ಸಾರ್ಕ್ ಪಕ್ಕದಲ್ಲಿ ಇಳಿದರೆ ಐಲ್ ಆಫ್ ಡಾಗ್ಸ್‌ನ ತುದಿಯಲ್ಲಿ ಏಳುತ್ತೀರಿ, ಹತ್ತು ನಿಮಿಷದ ನಡಿಗೆ. ಆರೂವರೆ ಮೈಲಿಯಲ್ಲಿ ಕಂಡವರನ್ನು 16–17ನೇ ಮೈಲಿಯಲ್ಲಿ ಮತ್ತೆ ಕಾಣಬಹುದು. ಎರಡೂ ತುದಿಯಲ್ಲಿ ನೂರರ ಆಸುಪಾಸು ಮೆಟ್ಟಿಲು. ಲಿಫ್ಟ್ ಇದೆ ಎಂದು ನಂಬಿ ಮಂಡಿನೋವಿನವರನ್ನು ಕರೆದೊಯ್ಯಬೇಡಿ.

ಅವರಿಗೆ ನೀವು ಸಿಗುವಂತೆ ನಿಲ್ಲುವುದು

ಸಾವಿರಾರು ಮುಖಗಳ ಹೊಳೆಯಲ್ಲಿ ನೀವು ಅವರನ್ನು ಹುಡುಕುವುದಕ್ಕಿಂತ, ನಿಂತಿರುವ ನಿಮ್ಮನ್ನು ಅವರು ಹುಡುಕುವುದು ಸುಲಭ. ಆದ್ದರಿಂದ ಮುನ್ನಾದಿನ ಹೀಗೆ ಒಪ್ಪಂದ ಮಾಡಿಕೊಳ್ಳಿ: “19ನೇ ಮೈಲಿಯ ಕಮಾನು ದಾಟಿದ ಮೇಲೆ, ನೀನು ಓಡುವ ದಿಕ್ಕಿಗೆ ಎಡಗಡೆ, ಮೊದಲ ಲೈಟ್ ಕಂಬದ ಹತ್ತಿರ.” ಎಡ ಬಲ ಯಾವಾಗಲೂ ಓಡುವವರ ಲೆಕ್ಕದಲ್ಲೇ ಇರಲಿ. ಎದುರು ನಿಂತವರಿಗೆ ಅದು ತಿರುಗುಮುರುಗು. ತಪ್ಪುವುದು ಹೆಚ್ಚಾಗಿ ಇದರಿಂದಲೇ. ವಾಚ್ ತೋರಿಸುವ ದೂರವನ್ನು ನಂಬಿ ಜಾಗ ಗೊತ್ತುಮಾಡಬೇಡಿ, ಕನೇರಿ ವಾರ್ಫ್ ಕಟ್ಟಡಗಳ ನಡುವೆ ಜಿಪಿಎಸ್ ದಾರಿ ತಪ್ಪಿ ಅರ್ಧ ಮೈಲಿ ಹೆಚ್ಚೇ ತೋರಿಸಬಹುದು. ರಸ್ತೆಯ ಮೈಲಿ ಫಲಕವೇ ಪ್ರಮಾಣ.

ಇಲ್ಲಿನ ಓಟಗಾರರಲ್ಲಿ ಬಹಳಷ್ಟು ಜನ ಯಾವುದಾದರೂ ಸೇವಾ ಸಂಸ್ಥೆಗೆ ಹಣ ಕೂಡಿಸಲು ಓಡುವುದರಿಂದ ರಸ್ತೆಯುದ್ದಕ್ಕೂ ಅವುಗಳದೇ ಬಾವುಟ, ಬಲೂನು. ಅವುಗಳ ನಡುವೆ ಹಳದಿ ಕೆಂಪು ಬಾವುಟ ಎತ್ತಿ ಹಿಡಿದರೆ ನೂರು ಮೀಟರ್ ದೂರದಿಂದ ಕನ್ನಡದವರಿಗೆ ಗೊತ್ತಾಗುತ್ತದೆ, ನಿಮ್ಮವರಲ್ಲದ ಇನ್ನೂ ನಾಲ್ಕು ಕನ್ನಡಿಗರು ನಕ್ಕು ಹೋಗುತ್ತಾರೆ. ಕೋಲು ತಲೆಯ ಮೇಲಕ್ಕೆ ಇರಲಿ, ರಸ್ತೆಯ ಮೇಲೆ ಚಾಚಬಾರದು.

ಓಡುವವರಿಗೂ ಒಂದು ಕೆಲಸ ಹಚ್ಚಿ: ಅಂಗಿಯ ಎದೆಯ ಮೇಲೆ, ಬಿಬ್ ಮುಚ್ಚದ ಜಾಗದಲ್ಲಿ, ಏಳೆಂಟು ಸೆಂ.ಮೀ. ಎತ್ತರದ ಅಕ್ಷರದಲ್ಲಿ ಹೆಸರು. ಶ್ರೀಲಕ್ಷ್ಮಿ, ಮಲ್ಲಿಕಾರ್ಜುನ ಎಂದು ಪೂರ್ತಿ ಬರೆದರೆ ಲಂಡನ್ನಿನ ಜನ ಓದಿ ಮುಗಿಸುವಷ್ಟರಲ್ಲಿ ದಾಟಿಹೋಗಿರುತ್ತಾರೆ. ಶ್ರೀ, ಮಲ್ಲಿ ಎಂದಷ್ಟೇ ಇದ್ದರೆ 26 ಮೈಲಿಯೂ ಅಪರಿಚಿತರು ಹೆಸರು ಹಿಡಿದು ಕೂಗುತ್ತಾರೆ.

ಏನು ಕೂಗಬೇಕು

ಹೆಸರು ಮೊದಲು, ಮಾತು ಆಮೇಲೆ. ದಣಿದ ಕಿವಿಗೆ ಉದ್ದ ವಾಕ್ಯ ಹೋಗುವುದಿಲ್ಲ. “ಸುಮಾ! ಸಖತ್ತಾಗಿ ಓಡ್ತಿದೀಯ ಕಣೇ!”, “ಬಿಡಬೇಡ ಮಗಾ, ಹಾಕು ಹೆಜ್ಜೆ!” ಇಷ್ಟು ಸಾಕು. ಇಂಗ್ಲಿಷಿನ ಗದ್ದಲದೊಳಗೆ ಕನ್ನಡದ ಒಂದು ಮಾತು ಥಟ್ಟನೆ ಕಿವಿಗೆ ಬೀಳುತ್ತದೆ.

25ನೇ ಮೈಲಿ ದಾಟುವ ತನಕ “ಇನ್ನೇನು ಬಂದೇಬಿಡ್ತು” ಎನ್ನಬೇಡಿ. 19ರಲ್ಲಿರುವವರಿಗೆ ಇನ್ನೂ ಏಳು ಮೈಲಿ ಬಾಕಿಯಿರುತ್ತದೆ, ಅದು ಅವರಿಗೆ ಚೆನ್ನಾಗಿ ಗೊತ್ತು. “ಸುಸ್ತಾಗಿದೀಯಾ?” ಎಂದೂ ಕೇಳಬಾರದು. ನಡೆಯುತ್ತಿರುವವರಿಗೆ “ಓಡು ಓಡು” ಎಂದು ಒತ್ತಾಯ ಬೇಡ, ಸ್ನಾಯು ಸೆಳೆತಕ್ಕೆ ನಡೆಯುತ್ತಿರಬಹುದು. ಹೆಸರು ಕೂಗಿ ಚಪ್ಪಾಳೆ ತಟ್ಟಿ, ಓಡುವುದೋ ನಡೆಯುವುದೋ ಅವರೇ ನೋಡಿಕೊಳ್ಳುತ್ತಾರೆ.

ಸದ್ದು ಮಾಡಲು ಒಂದು ಜೊತೆ ತಾಳ ಒಳ್ಳೆಯದು. ಹಗುರ, ದನಿ ತೀಕ್ಷ್ಣ, ನಾಲ್ಕು ಗಂಟೆ ಬಾರಿಸಿದರೂ ಕೈ ನೋಯುವುದಿಲ್ಲ. ಸೀಟಿ ಊದಬೇಡಿ, ಸ್ವಯಂಸೇವಕರ ಸೂಚನೆ ಎಂದು ಓಟಗಾರರು ಗಲಿಬಿಲಿಗೊಳ್ಳಬಹುದು.

ತಿನ್ನಲು ಕೊಡುವುದಾದರೆ ನಿಮ್ಮವರು ಅಭ್ಯಾಸದಲ್ಲಿ ತಿಂದು ನೋಡಿದ್ದನ್ನು ಮಾತ್ರ ಕೊಡಿ. ಉಳಿದವರಿಗೆ ಸಿಪ್ಪೆ ಸುಲಿದ ಕಿತ್ತಳೆ ತೊಳೆ ಪರವಾಗಿಲ್ಲ. ಕಡಲೆಕಾಯಿ ಚಿಕ್ಕಿ ಬೇಡವೇ ಬೇಡ: ಕೆಲವರಿಗೆ ಕಡಲೆಕಾಯಿ ಅಲರ್ಜಿ ಪ್ರಾಣಕ್ಕೇ ಬರುತ್ತದೆ, ಒಣಗಿದ ಬಾಯಲ್ಲಿ ಅಗಿಯಲೂ ಆಗುವುದಿಲ್ಲ.

ಆ್ಯಪ್‌ನ ಚುಕ್ಕೆ ನಿಂತುಹೋದಾಗ

ಓಟದ ಅಧಿಕೃತ ಆ್ಯಪ್‌ನಲ್ಲಿ ಬಿಬ್ ನಂಬರ್ ಹಾಕಿದರೆ ಓಟಗಾರರ ಚುಕ್ಕೆ ನಕ್ಷೆಯಲ್ಲಿ ಚಲಿಸುತ್ತದೆ. ನಿಜವಾದ ಮಾಹಿತಿ ಬರುವುದು ಪ್ರತಿ 5 ಕಿ.ಮೀ.ಗೆ ರಸ್ತೆಯ ಮೇಲಿರುವ, ಸಮಯ ದಾಖಲಿಸುವ ಚಾಪೆಯನ್ನು ಓಟಗಾರರ ಚಿಪ್ ದಾಟಿದಾಗ. ನಡುವೆ ಕಾಣುವುದೆಲ್ಲ ಹಿಂದಿನ ವೇಗದ ಮೇಲಿನ ಅಂದಾಜು. ಅವರು ಶೌಚಾಲಯದ ಸಾಲಿನಲ್ಲಿ ನಿಂತಿದ್ದರೂ ಚುಕ್ಕೆ ಓಡುತ್ತಲೇ ಇರುತ್ತದೆ, ಆಮೇಲೆ ಮುಂದಿನ ಚಾಪೆಯ ಬಳಿ ಬಂದು ನಿಂತುಬಿಡುತ್ತದೆ. ಹತ್ತು ನಿಮಿಷ ನಿಂತಿತೆಂದು ಗಾಬರಿಯಾಗಿ ಫೋನ್ ಮಾಡಬೇಡಿ. ಜನದಟ್ಟಣೆಯಲ್ಲಿ ನೆಟ್‌ವರ್ಕ್ ಕೂಡ ಸೋಲುತ್ತದೆ. ಹಾಗಾಗಿ ಕೈಯಲ್ಲಿ ಬರೆದ ಸಮಯದ ಚೀಟಿ ಜೇಬಿನಲ್ಲಿರಲಿ. ಊರಿನಿಂದ ಆ್ಯಪ್ ನೋಡುತ್ತಿರುವ ತಮ್ಮನಿಗೋ ತಂಗಿಗೋ “ಚಾಪೆ ದಾಟಿದಾಗೆಲ್ಲ ಎಸ್ಸೆಮ್ಮೆಸ್ ಹಾಕು” ಎಂದು ಹೇಳಿಟ್ಟರೆ ಇನ್ನೂ ಒಳ್ಳೆಯದು. ಇಂಟರ್‌ನೆಟ್ ಕೈಕೊಟ್ಟರೂ ಸಂದೇಶ ಹೇಗೋ ನುಸುಳಿ ಬರುತ್ತದೆ.

ಹವೆ ನಂಬುವಂಥದ್ದಲ್ಲ. 2018ರಲ್ಲಿ 24.1 ಡಿಗ್ರಿಗೆ ಏರಿ ಇದುವರೆಗಿನ ಅತಿ ಬಿಸಿ ವರ್ಷಗಳ ಸಾಲಿಗೆ ಸೇರಿತು. ಬೇರೆ ವರ್ಷಗಳಲ್ಲಿ ಚಳಿ ಮಳೆ. ಓಡುವವರು ಬೆವರುತ್ತಾರೆ, ನಿಂತವರು ಹೆಪ್ಪುಗಟ್ಟುತ್ತಾರೆ. ಸ್ವೆಟರ್ ಮೇಲೊಂದು ಮಳೆ ಜಾಕೆಟ್ ತನ್ನಿ. ಕೊಡೆ ಹಿಂದಿನವರ ಕಣ್ಣಿಗೆ ಅಡ್ಡ.

ಮುಗಿದ ಮೇಲೆ ಭೇಟಿ

ಓಟ ಮುಗಿಸಿದವರು ಪದಕ ಹಾಕಿಸಿಕೊಂಡು, ಬ್ಯಾಗ್ ಪಡೆದು, ನಡೆದು ಹೊರಬರಲು ಅರ್ಧದಿಂದ ಮುಕ್ಕಾಲು ಗಂಟೆ ಹಿಡಿಯುತ್ತದೆ. ಹಾರ್ಸ್ ಗಾರ್ಡ್ಸ್ ಮೈದಾನದಲ್ಲಿ ಇಂಗ್ಲಿಷ್ ಅಕ್ಷರಮಾಲೆಯ ಫಲಕಗಳಿರುತ್ತವೆ, ಮನೆತನದ ಹೆಸರಿನ ಅಕ್ಷರದಡಿ ಸೇರುವುದು ರೂಢಿ. ನಮ್ಮವರಿಗೆ ಇನಿಷಿಯಲ್ ಒಂದು, ಪಾಸ್‌ಪೋರ್ಟಿನ ಹೆಸರು ಇನ್ನೊಂದು. ಒಬ್ಬರು ಆರ್ ಅಡಿ, ಇನ್ನೊಬ್ಬರು ಕೆ ಅಡಿ ಕಾಯುತ್ತ ನಿಲ್ಲುವುದು ಬೇಡ. ಎಕ್ಸ್ ಅಥವಾ ಝಡ್ ಎಂದು ಮೊದಲೇ ಗೊತ್ತುಮಾಡಿ, ಅಲ್ಲಿ ಜನವೂ ಕಡಿಮೆ. ಎಂಬ್ಯಾಂಕ್‌ಮೆಂಟಿನ ಊರಿನ ಬದಿಯಲ್ಲಿ ನಿಂತಿದ್ದರೆ ವೈಟ್‌ಹಾಲ್ ಮೂಲಕ ಓಟದ ರಸ್ತೆ ದಾಟದೆಯೇ ಕಾಲು ಗಂಟೆಯಲ್ಲಿ ತಲುಪುತ್ತೀರಿ.

ಕೈಚೀಲದಲ್ಲಿ ಇವಿರಲಿ: ಸಡಿಲ ಚಪ್ಪಲಿ, ಒಣ ಅಂಗಿ, ಬೆಚ್ಚನೆಯ ಶಾಲು, ಡಬ್ಬಿಯಲ್ಲಿ ಮೊಸರನ್ನ, ಜೊತೆಗೆ ಉಪ್ಪಿನದೇನಾದರೂ. ಓಡುತ್ತ ಶಕ್ತಿಗೆಂದು ಸಿಹಿ ಜೆಲ್ ನುಂಗಿ ನುಂಗಿ ನಾಲಿಗೆ ಉಪ್ಪಿಗೆ ಬಾಯಿಬಿಡುತ್ತಿರುತ್ತದೆ. ಪದಕ ಹಾಕಿಕೊಂಡು ಬಸವಣ್ಣನವರ ಪ್ರತಿಮೆಯೆದುರು ಫೋಟೊ ಬೇಕೆಂದರೆ ಸೋಮವಾರಕ್ಕೆ ಇಟ್ಟುಕೊಳ್ಳಿ. 2015ರಲ್ಲಿ ಅನಾವರಣಗೊಂಡ ಆ ಪ್ರತಿಮೆ ನದಿಯಾಚೆ, ಲ್ಯಾಂಬೆತ್ ಸೇತುವೆ ಹತ್ತಿರದ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿದೆ. ಅಷ್ಟು ದೂರ ಅಂದೇ ನಡೆಸುವುದು ತರವಲ್ಲ.

ಮನೆಗೆ ಹೊರಡುವಾಗ ಲಿಫ್ಟ್ ಇರುವ ನಿಲ್ದಾಣವನ್ನೇ ಹುಡುಕಿ: ಗ್ರೀನ್ ಪಾರ್ಕ್ ಅಥವಾ ವೆಸ್ಟ್‌ಮಿನ್‌ಸ್ಟರ್. ಮ್ಯಾರಥಾನ್ ಓಡಿದ ತೊಡೆಗಳಿಗೆ ಹತ್ತುವುದಕ್ಕಿಂತ ಇಳಿಯುವುದು ಕಷ್ಟ. ಮೆಟ್ಟಿಲು ಇಳಿಯಲೇಬೇಕಾಗಿ ಬಂದರೆ ಕಂಬಿ ಹಿಡಿದು ಹಿಮ್ಮುಖವಾಗಿ ಇಳಿಯಲಿ, ನೀವು ಒಂದು ಮೆಟ್ಟಿಲು ಕೆಳಗೆ ನಿಂತು ಬೆನ್ನಿಗೆ ಕೈ ಕೊಡಿ.